ಪಂಚೆ, ವಿಭೂತಿ, ಹಿಸ್ಟೋಗ್ರಾಮ್

ಚಿಕ್ಕಮಗಳೂರು ಜಿಲ್ಲೆಯವನು ಅಂದರೆ ಸಾಕು, ಕೇಳಿದವರ ಕಣ್ಣ ಮುಂದೆ ಕಾಫಿ ತೋಟ, ಮಂಜು, ಮುಳ್ಳಯ್ಯನಗಿರಿಯ ಹಸಿರು ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ‘ಪುಣ್ಯವಂತರು ಕಣ್ರೀ ನೀವು’ ಅನ್ನುತ್ತಾರೆ. ನಾನು ಯಗಟಿಯವನು, ಅದು ಕಡೂರು ತಾಲ್ಲೂಕಿನ ಬಯಲು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಮಾತು ಹೋಮ್‌ಸ್ಟೇ ಬಾಡಿಗೆಗೆ ಹೊರಳಿರುತ್ತದೆ. ಮುಂಗಾರಿನ ಮೋಡ ತನ್ನಲ್ಲಿದ್ದುದನ್ನೆಲ್ಲ ಬಾಬಾಬುಡನ್‌ಗಿರಿಯ ಆಚೆ ಮಗ್ಗುಲಿಗೇ ಸುರಿದು ನಮ್ಮ ಕಡೆ ಬರಿಗೈಯಲ್ಲಿ ಬರುತ್ತದೆ. ಇಲ್ಲಿ ಇರುವುದು ತೆಂಗು, ರಾಗಿ, ಜಾಲಿ, ಕೆಮ್ಮಣ್ಣಿನ ಧೂಳು, ಇವೆಲ್ಲಕ್ಕಿಂತ ಹೆಚ್ಚಾಗಿ ಬಿಸಿಲು. ಈ ಬಿಸಿಲಿನ ದೆಸೆಯಿಂದಲೇ ನನಗೊಂದು ಹುಚ್ಚು ಹಿಡಿದಿದೆ.

ನೆಂಟರಿಷ್ಟರ ಮದುವೆ, ಗೃಹಪ್ರವೇಶ, ಊರ ತೇರು, ಯಾರದೋ ಮಗುವಿನ ನಾಮಕರಣ, ಇವುಗಳ ವಿಡಿಯೋ ಇಸಿದುಕೊಂಡು ಬಂದು ಬಣ್ಣ ಸರಿಮಾಡುವ ಹುಚ್ಚು. ತೆಗೆಯುವವನು ನಾನಲ್ಲ, ಕ್ಯಾಮೆರಾ ಹಿಡಿದರೆ ನನ್ನ ಕೈ ನಡುಗುತ್ತದೆ. ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಹೃದಯದಾಕಾರದೊಳಗೆ ವಧೂವರರನ್ನು ಕೂರಿಸುವ ಕೆಲಸಕ್ಕೆ ನಮ್ಮ ಕಡೆ ಸ್ಟುಡಿಯೋದವರು ‘ಮಿಕ್ಸಿಂಗ್’ ಅನ್ನುತ್ತಾರೆ. ಅದೂ ನನ್ನದಲ್ಲ. ಮಿಕ್ಸಿಂಗ್ ಮುಗಿದ ಮೇಲೆ ಉಳಿಯುವುದು ಬಣ್ಣ. ಸಿನಿಮಾದವರ ಬಾಯಲ್ಲಿ ಅದು ‘ಡಿಐ’, ನಮ್ಮ ಮನೆಯವರ ಬಾಯಲ್ಲಿ ‘ಕರೆಂಟು ಸುಡೋ ಕೆಲಸ’. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದು ಎಷ್ಟೋ ಸಲ ರಾತ್ರಿ. ಮೋಟರ್ ಹಾಕಿ ತೆಂಗಿನ ಸಾಲಿಗೆ ನೀರು ತಿರುಗಿಸಲು ಹೇಗೂ ಎಚ್ಚರವಿರಬೇಕು. ಆ ಹೊತ್ತಿನಲ್ಲಿ ಊರಿನವರು ಮಲಗುತ್ತಾರೆ, ಇಲ್ಲವೇ ಮೊಬೈಲು ನೋಡುತ್ತಾರೆ. ನಾನು ಹಿಸ್ಟೋಗ್ರಾಮ್ ನೋಡುತ್ತೇನೆ.

ಸಾಫ್ಟ್‌ವೇರಿನ ಮೂಲೆಯಲ್ಲಿ ಒಂದು ಪುಟ್ಟ ಕರಿ ಚೌಕ, ಅದರೊಳಗೆ ಏರಿಳಿಯುವ ಗುಡ್ಡದ ಸಾಲು, ಅಷ್ಟೇ ಅದು. ಫುಲ್ ಎಚ್‌ಡಿ ವಿಡಿಯೋದ ಒಂದು ಚೌಕಟ್ಟಿನಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕಿಗಳು. ನಮ್ಮಲ್ಲಿ ರೂಢಿಯಲ್ಲಿರುವಂತೆ ಸೆಕೆಂಡಿಗೆ 25 ಚೌಕಟ್ಟು ಓಡಿದರೆ ಐದು ಕೋಟಿ ದಾಟುತ್ತದೆ ಲೆಕ್ಕ. ಎಂಟು ಬಿಟ್ಟಿನ ವಿಡಿಯೋದಲ್ಲಿ ಪ್ರತಿ ಚುಕ್ಕಿಯ ಬೆಳಕಿಗೂ 0ಯಿಂದ 255ರವರೆಗೆ ಒಂದು ಸಂಖ್ಯೆ. 0 ಅಂದರೆ ಕಗ್ಗತ್ತಲು, 255 ಅಂದರೆ ಅಚ್ಚ ಬಿಳುಪು. ಒಕ್ಕಣೆಯಾದ ಮೇಲೆ ಕಣದಲ್ಲಿ ಗಟ್ಟಿಕಾಳು, ಸಣ್ಣಕಾಳು, ಜೊಳ್ಳು ಎಂದು ಬೇರೆ ಬೇರೆ ಗುಡ್ಡೆ ಮಾಡುತ್ತೇವಲ್ಲ, ಹಿಸ್ಟೋಗ್ರಾಮ್ ಹಾಗೆ ಈ ಚುಕ್ಕಿಗಳನ್ನು ಬೆಳಕಿನ ಪ್ರಕಾರ ಎಡದಿಂದ ಬಲಕ್ಕೆ ಗುಡ್ಡೆ ಹಾಕುತ್ತದೆ. ಯಾವ ಕಾಳು ಯಾವ ಹೊಲದ ಯಾವ ಮೂಲೆಯಿಂದ ಬಂತೆಂದು ಗುಡ್ಡೆಗೆ ಗೊತ್ತಿರುವುದಿಲ್ಲ. ಈ ಚೌಕಕ್ಕೂ ಗೊತ್ತಿಲ್ಲ. ಮದುಮಗಳ ಮೂಗುತಿಯ ಹೊಳಪು, ಹಿಂದೆ ನಿಂತ ಟ್ರ್ಯಾಕ್ಟರಿನ ಕನ್ನಡಿಯ ಹೊಳಪು ಎರಡೂ ಅದಕ್ಕೆ 250 ಅಷ್ಟೇ. ಗುಡ್ಡ ಎಡಗೋಡೆಗೆ ಒತ್ತಿಕೊಂಡಿದ್ದರೆ ನೆರಳಿನಲ್ಲಿದ್ದುದು ಕಪ್ಪಿನಲ್ಲಿ ಮುಳುಗಿದೆ, ಬಲಗೋಡೆಗೆ ಹತ್ತಿಕೊಂಡಿದ್ದರೆ ಬಿಳಿಯ ಕಡೆ ಸುಟ್ಟುಹೋಗಿದೆ.

ಹೆಸರು ಕಟ್ಟಿದವನು ಇಂಗ್ಲೆಂಡಿನ ಗಣಿತಜ್ಞ ಕಾರ್ಲ್ ಪಿಯರ್ಸನ್. 1895ರ ಅವನ ಬರಹದಲ್ಲಿ ಹಿಸ್ಟೋಗ್ರಾಮ್ ಅಚ್ಚಾಗಿದೆ. ಅದಕ್ಕೂ ಒಂದು ವರ್ಷ ಹಿಂದೆ ಅವನು ಇಟಲಿಯ ನೇಪಲ್ಸ್ ಕಡಲಿನ ಏಡಿಗಳ ಅಳತೆ ಹಿಡಿದು ಕೂತಿದ್ದ. ಗೆಳೆಯ ವೆಲ್ಡನ್ ಅಳೆದು ತಂದ ಏಡಿಗಳಲ್ಲಿ ಒಂದು ಅಂಗದ ಅಳತೆ ಮಾತ್ರ ಸರಿಯಾದ ಒಂದೇ ಗುಡ್ಡವಾಗದೆ ಓರೆಯಾಗಿ ನಿಂತಿತ್ತು. ಇದು ಒಂದು ಗುಂಪಲ್ಲ, ಎರಡು ಗುಂಪು ಬೆರೆತಿರಬೇಕು ಎಂದು ಪಿಯರ್ಸನ್ ಆ ಗುಡ್ಡವನ್ನು ಎರಡಾಗಿ ಸೀಳಿ ತೋರಿಸಿದ. ನಮ್ಮೂರ ಮಧ್ಯಾಹ್ನದ ಮದುವೆಗೂ ಈ ಏಡಿಗಳಿಗೂ ನೆಂಟಸ್ತನವಿದೆ. ಶಾಮಿಯಾನದ ಒಳಗೆ ನಿಂತು ಹೊರಗಿನವರೂ ಕಾಣುವಂತೆ ತೆಗೆದ ಯಾವ ಚಿತ್ರವನ್ನಾದರೂ ನೋಡಿ: ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ನಡುವೆ ಕಣಿವೆ. ನೆರಳಿನದು ಒಂದು ಗುಂಪು, ಬಿಸಿಲಿನದು ಇನ್ನೊಂದು. ಇಡೀ ಚಿತ್ರವನ್ನು ಒಂದೇ ಕಡ್ಡಿ ಎಳೆದು ಸರಿಮಾಡುತ್ತೇನೆ ಅಂದರೆ ಆಗದು. ಒಳಗಿನವರನ್ನು ಬೆಳಗಿಸಿದರೆ ಹೊರಗಿನವರು ಮಾಯ. ಎರಡನ್ನೂ ಬೇರೆ ಮಾಡಿಯೇ ಮುಟ್ಟಬೇಕು.

ಶಾಮಿಯಾನದ ಮಾತು ಬಂದಿದ್ದು ಒಳ್ಳೆಯದಾಯಿತು. ಬಣ್ಣ ಸರಿಮಾಡುವವನಿಗೆ ಇದರಷ್ಟು ದೊಡ್ಡ ವೈರಿಯೂ ಇಲ್ಲ, ಇದರಷ್ಟು ದೊಡ್ಡ ಗುರುವೂ ಇಲ್ಲ. ಕೆಂಪು ಹಳದಿ ಪಟ್ಟೆಯ ಬಟ್ಟೆ. ಮೇಲೆ ನೆತ್ತಿಯ ಸೂರ್ಯ. ಬೆಳಕು ಬಟ್ಟೆಯಲ್ಲಿ ಸೋಸಿ ಇಳಿಯುವಾಗ ಎಲ್ಲರ ಮೇಲೂ ಕೆಂಪು ಸುರಿಯುತ್ತದೆ: ಪುರೋಹಿತರ ಮೇಲೆ, ಬಾಳೆಲೆಯ ಮೇಲೆ, ಪಾಯಸದ ಮೇಲೆ. ಅಲ್ಲೇ ಕೂತಿದ್ದವರಿಗೆ ಇದು ಕಾಣುವುದೇ ಇಲ್ಲ. ಕಣ್ಣು ಒಂದೆರಡು ನಿಮಿಷದಲ್ಲಿ ಹೊಂದಿಕೊಂಡು ಪಂಚೆಯನ್ನು ಬಿಳಿ ಎಂದೇ ಓದುತ್ತದೆ. ಆದರೆ ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಕೆಂಪು, ಹಸಿರು, ನೀಲಿ ಮೂರರ ಹಿಸ್ಟೋಗ್ರಾಮನ್ನೂ ಬೇರೆ ಬೇರೆ ತೆರೆದರೆ ಕೆಂಪಿನ ಗುಡ್ಡ ಬಲಕ್ಕೆ ನೂಕಿಕೊಂಡು ಹೋಗಿರುತ್ತದೆ, ಹಸಿರು ನಡುವೆ, ನೀಲಿ ಎಡ ಮೂಲೆಯಲ್ಲಿ ಮುದುರಿ ಕೂತಿರುತ್ತದೆ. ಬಿಳಿ ಅಂದರೆ ಮೂರೂ ಒಂದೇ ಅಳತೆಯಲ್ಲಿರುವುದು. ಹಾಗಾಗಿ ಚಿತ್ರದಲ್ಲಿ ನಿಜಕ್ಕೂ ಬಿಳಿಯಾದದ್ದೊಂದನ್ನು ಹಿಡಿದು, ಅಲ್ಲಿ ಮೂರೂ ಗುಡ್ಡಗಳು ಒಂದರ ಮೇಲೊಂದು ಬರುವಂತೆ ಎಳೆಯಬೇಕು.

ಸುಲಭ ಅನ್ನಿಸುತ್ತದೆ, ಗಂಡಸರೆಲ್ಲ ಬಿಳಿ ಪಂಚೆಯಲ್ಲೇ ಇರುವ ಊರಿನಲ್ಲಿ. ಆದರೆ ನಮ್ಮ ಪಂಚೆ ಬಿಳಿಯಲ್ಲ! ಒಗೆದ ಮೇಲೆ ಕಡೆಯ ನೀರಿಗೆ ನೀಲಿ ಹಾಕಿ ಅದ್ದುತ್ತಾರೆ. ಹಳೆಯ ಅರಿವೆಯ ಹಳದಿಯನ್ನು ಮುಚ್ಚಲು ಮಾಡುವ ಉಪಾಯ ಅದು. ಹೆಚ್ಚಾದರೆ ಪಂಚೆ ತಿಳಿನೀಲಿಗೆ ತಿರುಗಿರುತ್ತದೆ. ಅಂಥ ಪಂಚೆಯನ್ನು ಬಿಳಿ ಎಂದು ನಂಬಿ ಸಾಫ್ಟ್‌ವೇರಿನ ಕಡ್ಡಿಯಿಂದ ಚುಚ್ಚಿದರೆ ಅದು ಆ ನೀಲಿಯನ್ನು ಕಳೆಯಲು ಹೋಗಿ ಮದುವೆಗೆ ಬಂದವರಿಗೆಲ್ಲ ಕಾಮಾಲೆ ಬರಿಸುತ್ತದೆ. ಫೋಟೋದವರು ಇದಕ್ಕೆಂದೇ ಬೂದುಬಣ್ಣದ ಕಾರ್ಡು ಇಟ್ಟುಕೊಳ್ಳುತ್ತಾರೆ, ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಮರಳಿಸುವಂಥದ್ದು. ನಮ್ಮೂರ ಮದುವೆಯಲ್ಲಿ ಧಾರೆಯ ಹೊತ್ತಿಗೆ ‘ಸ್ವಲ್ಪ ತಾಳಿ, ಕಾರ್ಡು ಹಿಡಿಯಬೇಕು’ ಎಂದು ಹೇಳುವ ಧೈರ್ಯ ಯಾವ ಕ್ಯಾಮೆರಾದವನಿಗಿದೆ?

ಕಾರ್ಡು ಬೇಕಾಗಿಯೂ ಇಲ್ಲ. ಅದು ಹಣೆಯ ಮೇಲೇ ಇದೆ. ನಮ್ಮ ಸೀಮೆಯಲ್ಲಿ ಶುಭಕಾರ್ಯ ಅಂದರೆ ಹಿರಿಯರ ಹಣೆಯಲ್ಲಿ ವಿಭೂತಿ ಇದ್ದೇ ಇರುತ್ತದೆ. ಚಿತ್ರವನ್ನು ಹಿಗ್ಗಿಸಿ ಅಜ್ಜನೊಬ್ಬನ ಹಣೆಯ ಮೂರು ಪಟ್ಟೆಗೆ ಹೋಗಿ ನೋಡಿ. ತೀರಾ ಬಿಳಿಯಲ್ಲ, ಹೊಳಪೂ ಇಲ್ಲ, ಮಾಸಲು ಬೂದು. ನೀಲಿಯ ನೀರಿನಲ್ಲಿ ಅದ್ದಿದ್ದಲ್ಲ. ಪಟ್ಟೆ ತೆಳ್ಳಗಿದ್ದ ಕಡೆ ಕೆಳಗಿನ ಚರ್ಮ ಇಣುಕಿ ತುಸು ಕಂದು ಬೆರೆಯುತ್ತದೆ. ಗಟ್ಟಿಯಾಗಿ ಬಳಿದ ನಡುಭಾಗವನ್ನು ಆರಿಸಿಕೊಂಡರೆ ಆಯಿತು. ಮುಖದ ಮೇಲೆ ಯಾವ ಬೆಳಕು ಬಿದ್ದಿದೆಯೋ ಅದೇ ಬೆಳಕು ಅದರ ಮೇಲೂ ಬಿದ್ದಿರುತ್ತದೆ, ಅದೇ ದೊಡ್ಡದು. ಅಲ್ಲಿ ಮೂರೂ ಬಣ್ಣಗಳನ್ನು ಒಂದುಗೂಡಿಸಿದೆನೋ, ಇಡೀ ಶಾಮಿಯಾನ ಬಿಚ್ಚಿಟ್ಟ ಹಾಗೆ ಚಿತ್ರದಿಂದ ಕೆಂಪು ಇಳಿದುಹೋಗುತ್ತದೆ. ಬಾಳೆಲೆ ಹಸಿರಾಗುತ್ತದೆ, ಪಾಯಸ ಪಾಯಸದ ಬಣ್ಣಕ್ಕೆ ಬರುತ್ತದೆ. ರಾತ್ರಿ ಒಂದೂವರೆ ಗಂಟೆಗೆ ಇದನ್ನು ನೋಡಿ ನಕ್ಕಿದ್ದೇನೆ, ಒಬ್ಬನೇ. ಜೊತೆಗೆ ನಗುವವರು ಆ ಹೊತ್ತಿನಲ್ಲಿ ಎಲ್ಲಿ ಸಿಗಬೇಕು?

ಕುಂಕುಮದ ತಕರಾರು ಬೇರೆ. ಬೆಳಕಿನ ಒಟ್ಟು ಲೆಕ್ಕ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಬಲಗೋಡೆಯ ಹತ್ತಿರ ಯಾರೂ ಇಲ್ಲ. ಆದರೂ ದೇವರ ಪಾದದ ಕುಂಕುಮ ರಾಶಿ ಪುಡಿಯಾಗಿ ಕಾಣದೆ ಕೆಂಪು ಕಾಗದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆ. ಕಾರಣ ಆ ಒಟ್ಟು ಲೆಕ್ಕದಲ್ಲೇ ಇದೆ. ಎಚ್‌ಡಿ ವಿಡಿಯೋದ ರೆಕ್ 709 ನಿಯಮದಲ್ಲಿ ಬೆಳಕಿನ ಮೊತ್ತಕ್ಕೆ ಹಸಿರಿನ ಪಾಲು ಶೇ. 71.52, ಕೆಂಪಿನದು 21.26, ನೀಲಿಯದು 7.22 ಮಾತ್ರ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುವುದರಿಂದ ಹೀಗೆ ಹಂಚಿದ್ದಾರೆ. ಕೆಂಪು ತನ್ನ 255ರ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೂ ಮೊತ್ತದಲ್ಲಿ ಅದರ ಕೂಗು ಕೇಳಿಸುವುದಿಲ್ಲ. ವೀರಗಾಸೆಯವರ ಕೆಂಪು ಉಡುಪಿನಲ್ಲೂ ಇದೇ ಕಥೆ: ಕುಣಿತ ಜೋರಾಗಿ ಬಂದಿರುತ್ತದೆ, ಮಡಿಕೆಗಳೇ ಇರುವುದಿಲ್ಲ. ಕೆಂಪಿನ ಹಿಸ್ಟೋಗ್ರಾಮನ್ನು ಪ್ರತ್ಯೇಕವಾಗಿ ತೆರೆದು, ಗೋಡೆಗೆ ಹತ್ತಿದ ಗುಡ್ಡವನ್ನು ಮೆಲ್ಲಗೆ ಈಚೆ ಎಳೆದರೆ, ಅದೃಷ್ಟವಿದ್ದರೆ, ಮಡಿಕೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ಕ್ಯಾಮೆರಾದಲ್ಲೇ ಸುಟ್ಟಿದ್ದರೆ ಬ್ರಹ್ಮ ಬಂದರೂ ಆಗದು.

ಸೋಡಿಯಂ ದೀಪ ಅದಕ್ಕೂ ಕಷ್ಟ. ಬೀದಿಗೆಲ್ಲ ಕಿತ್ತಳೆ ಬಣ್ಣದ ಆ ದೀಪಗಳಿದ್ದ ಕಾಲದ ತೇರಿನ ಹಳೆಯ ಟೇಪುಗಳನ್ನು ಕೆಲವರು ತಂದುಕೊಡುತ್ತಾರೆ. ನೀಲಿಯ ಚೌಕ ತೆರೆದರೆ ಎಡಗೋಡೆಗೆ ಅಂಟಿದ ಒಂದು ಗೆರೆ, ಉಳಿದದ್ದೆಲ್ಲ ಖಾಲಿ. ಆ ದೀಪ ನೀಲಿಯನ್ನು ಹೆಚ್ಚುಕಡಿಮೆ ಕೊಡಲೇ ಇಲ್ಲ, ಟೇಪು ಎಲ್ಲಿಂದ ಹಿಡಿಯಬೇಕು? ನೀಲಿ ಸೀರೆ ಉಟ್ಟು ಬಂದವರೆಲ್ಲ ಕಪ್ಪು ಸೀರೆಯವರಾಗಿಯೇ ಉಳಿಯುತ್ತಾರೆ.

ಇಷ್ಟೆಲ್ಲ ಹೇಳಿ, ನಮ್ಮ ತಾಲ್ಲೂಕಿನ ಕಾವಲಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬಾಸೂರಿನ ಅಮೃತ್ ಮಹಲ್ ಕಾವಲು ಮೈಸೂರು ದೊರೆಗಳ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳಲ್ಲೊಂದು. 2011ರಲ್ಲಿ ಅದನ್ನು ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದರು. ಗೆಳೆಯನೊಬ್ಬ ಬೇಸಿಗೆಯ ಸಂಜೆ ತೆಗೆದ ವಿಡಿಯೋ ತಂದುಕೊಟ್ಟ. ಒಣಹುಲ್ಲು, ಧೂಳು ತುಂಬಿದ ಆಕಾಶ, ಎಲ್ಲವೂ ಒಂದೇ ಮಾಸಲು. ಹಿಸ್ಟೋಗ್ರಾಮಿನಲ್ಲಿ ನಟ್ಟನಡುವೆ ಒಂದೇ ಒಂದು ಎತ್ತರದ ಗುಡ್ಡ, ಎಡಬಲ ಎರಡೂ ಕಡೆ ಬಯಲು. ಇಂಥದ್ದನ್ನು ಎರಡೂ ಕಡೆಗೆ ಹಿಗ್ಗಿಸಬೇಕು, ಆದರೆ ಎಲ್ಲಿಯವರೆಗೆ? ಎಲ್ಲಿ ಕಪ್ಪು, ಎಲ್ಲಿ ಬಿಳಿ? ಆಗ ಹುಲ್ಲಿನಿಂದ ಒಂದು ಗಂಡು ಎದ್ದು ನಿಂತಿತು. ಬಲಿತ ಗಂಡು ಕೃಷ್ಣಮೃಗದ ಬೆನ್ನು ಹೆಚ್ಚೂಕಡಿಮೆ ಕಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿ ಬಳೆ. ಅದು ತಲೆ ಎತ್ತಿದ್ದೇ ತಡ, ಹಿಸ್ಟೋಗ್ರಾಮಿನ ಎಡಕ್ಕೊಂದು ಮೊಳಕೆ, ಬಲಕ್ಕೊಂದು ಮೊಳಕೆ ಮೂಡಿತು. ಅಳತೆಗೋಲನ್ನು ಮೈಮೇಲೆ ಹೊತ್ತು ತಿರುಗುವ ಪ್ರಾಣಿ! ಬೆನ್ನನ್ನು ಕಪ್ಪಿನ ಹತ್ತಿರ, ಹೊಟ್ಟೆಯನ್ನು ಬಿಳಿಯ ಹತ್ತಿರ ಕೂರಿಸಿದೆ, ನಡುವಿನ ಹುಲ್ಲು ತಾನಾಗಿ ಬಂಗಾರದ ಬಣ್ಣಕ್ಕೆ ಬಂತು.

ಹಿಗ್ಗಿಸುವುದಕ್ಕೂ ಮಿತಿ ಇದೆ. ಇರುವುದೇ 256 ಮೆಟ್ಟಿಲು. ಅದರಲ್ಲಿ ಅರವತ್ತೋ ಎಪ್ಪತ್ತೋ ಮೆಟ್ಟಿಲಲ್ಲಿ ಇಕ್ಕಟ್ಟಾಗಿದ್ದ ಚಿತ್ರವನ್ನು ಅಷ್ಟಗಲಕ್ಕೂ ಎಳೆದರೆ ನಡುನಡುವೆ ಖಾಲಿ ಬೀಳಲೇಬೇಕು. ಗುಡ್ಡ ಸೀಳಿ ಕಡ್ಡಿ ಕಡ್ಡಿಯಾಗಿ ನಿಲ್ಲುತ್ತದೆ, ಆಕಾಶದಲ್ಲಿ ಪಟ್ಟೆ ಮೂಡುತ್ತದೆ. ಹತ್ತು ಬಿಟ್ಟಿನಲ್ಲಿ ತೆಗೆದಿದ್ದರೆ 1024 ಮೆಟ್ಟಿಲು ಸಿಗುತ್ತಿದ್ದವು. ಗೆಳೆಯನಿಗೆ ಹೇಳಿದೆ. ‘ಆ ಕ್ಯಾಮೆರಾ ರೇಟು ಗೊತ್ತೇನಯ್ಯ?’ ಅಂದ. ಪಟ್ಟೆಯ ಸಮೇತ ಕೃಷ್ಣಮೃಗ ಚೆನ್ನಾಗಿಯೇ ಇದೆ.

ಈಗಿನ ಹುಡುಗರು ಈ ತಾಪತ್ರಯವನ್ನೇ ಇಟ್ಟುಕೊಂಡಿಲ್ಲ. ಅಕ್ಕನ ಮಗನೊಬ್ಬ ಇದ್ದಾನೆ, ಅವನ ಬಳಿ ‘ಲಟ್’ ಎಂಬ ಸಿದ್ಧಬಣ್ಣಗಳ ಮೂಟೆಯೇ ಇದೆ. ಈ ಬಣ್ಣ ಬಂದರೆ ಆ ಬಣ್ಣ ಮಾಡು ಎಂದು ಮೊದಲೇ ಬರೆದಿಟ್ಟ ಪಟ್ಟಿ ಅದು, ಚಿತ್ರದಲ್ಲಿ ಏನಿದೆ ಎಂದು ಕೇಳುವುದೂ ಇಲ್ಲ. ಯಗಟಿಯ ಕೆರೆ ಏರಿಯ ಮೇಲೆ ತೆಗೆದ ಪ್ರೀವೆಡ್ಡಿಂಗಿಗೆ ಒಂದನ್ನು ಎಳೆದು ಹಾಕಿದ. ಜಾಲಿ ಗಿಡಗಳೆಲ್ಲ ಕಡುಹಸಿರಾದವು, ಕೆಮ್ಮಣ್ಣು ಕಪ್ಪಾಯಿತು, ನಮ್ಮ ಉರಿಬಿಸಿಲಿಗೆ ಮಂಜು ಕವಿಯಿತು. ‘ನೋಡಿ ಮಾಮ, ಪಕ್ಕಾ ಮಲೆನಾಡು’ ಅಂದ. ಹೌದು, ಮಲೆನಾಡೇ. ಮಳೆ ಒಂದು ಬಿಟ್ಟು ಎಲ್ಲ ಬಂದಿತ್ತು. ಹಾಗೆ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಬಡ ಬಯಲಿಗೂ ಅದರದೇ ಒಂದು ಬಣ್ಣ ಇರಲಿ ಬಿಡಿ.

‘ಆಟೋ’ ಗುಂಡಿಯೂ ಅದೇ ಜಾತಿಯದು. ಗುಡ್ಡ ಎಡಕ್ಕಿದ್ದರೆ ಸಾಕು, ಬಲಕ್ಕೆ ಎಳೆದುಬಿಡುತ್ತದೆ. ರಾತ್ರಿಯ ಗುಗ್ಗಳದ ಮೆರವಣಿಗೆಯಲ್ಲಿ ಗುಡ್ಡ ಎಡಕ್ಕಿರುವುದೇ ನ್ಯಾಯ. ರಾತ್ರಿ ಅಂದರೆ ಕತ್ತಲು ತಾನೆ. ಆಟೋ ಒತ್ತಿದರೆ ಕತ್ತಲು ಬೂದಿಬಣ್ಣಕ್ಕೆ ತಿರುಗಿ, ಬೆಂಕಿಯ ಮಾನ ಹೋಗುತ್ತದೆ. ಮೈಸೂರಿನವರಾದ ವಿ.ಕೆ. ಮೂರ್ತಿ 1959ರಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಕತ್ತಲು ತುಂಬಿದ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲು ಇಳಿಸಿದರು. ಆ ದೃಶ್ಯದ ಒಂದು ಚೌಕಟ್ಟನ್ನು ನನ್ನ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದ್ದೇನೆ: ಎಡಕ್ಕೆ ಭಾರೀ ಗುಡ್ಡ, ಬಲಕ್ಕೆ ಎಳೆಯಷ್ಟು ತೆಳು ಗೆರೆ. ಪುಸ್ತಕದಲ್ಲಿ ಬರೆದ ಪ್ರಕಾರ ತಪ್ಪು ಹಿಸ್ಟೋಗ್ರಾಮ್. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕನ ಕೆಲಸಕ್ಕೆ ಆಟೋ ಗುಂಡಿ ಒತ್ತಿ ಸರಿಮಾಡಲು ಹೋಗುವವನ ಕೈ ಹಿಡಿಯಬೇಕು. ಚುಕ್ಕಿ ಎಷ್ಟು ಎಂದು ಚೌಕ ಹೇಳುತ್ತದೆ. ಎಷ್ಟಿರಬೇಕು ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ.

ಎಷ್ಟಿರಬೇಕು ಎಂಬುದಕ್ಕೇ ನಮ್ಮಲ್ಲಿ ಜಗಳ. ಹೋದ ಬೇಸಿಗೆಯಲ್ಲಿ ಒಂದು ಮದುವೆಯ ವಿಡಿಯೋ ನನ್ನ ಬಳಿ ಇತ್ತು. ಹುಡುಗಿಯ ಸೋದರಮಾವ ಬಂದು ಕುರ್ಚಿ ಎಳೆದುಕೊಂಡು ಕೂತರು. ಶಾಮಿಯಾನದ ಕೆಂಪು ಇನ್ನೂ ಇಳಿಸಿರಲಿಲ್ಲ.

‘ಹುಡ್ಗಿ ಯಾಕೋ ಕಪ್ಪಗೆ ಬಂದಿದಾಳಲ್ಲೋ. ಒಂಚೂರು ಬೆಳ್ಳಗೆ ಮಾಡು. ಇದರಲ್ಲಿ ಎಲ್ಲ ಆಗ್ತದಂತಲ್ಲ?’

‘ಹುಡ್ಗಿ ಇರೋದೇ ಆ ಬಣ್ಣ ಅಲ್ವಾ ಮಾವ.’

‘ಇರ್ಲಿ, ಅವರ ಕಡೆಯೋರು ನೋಡ್ತಾರೆ.’

ಇದು ಯಗಟಿಯ ಒಬ್ಬ ಮಾವನ ಮಾತಲ್ಲ. ಕೊಡಾಕ್ ಕಂಪನಿ ಬಣ್ಣದ ಫಿಲ್ಮಿನ ಪ್ರಿಂಟು ಹೊಂದಿಸಲು ದಶಕಗಳ ಕಾಲ ಪ್ರಯೋಗಶಾಲೆಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿದ್ದುದು ಬಿಳಿಯ ಹೆಂಗಸಿನ ಚಿತ್ರ, ಹೆಸರು ‘ಶರ್ಲಿ ಕಾರ್ಡ್’. ಅವಳ ಚರ್ಮ ಸರಿಬಂದರೆ ಪ್ರಿಂಟು ಸರಿ. ಉಳಿದವರ ಚರ್ಮ ಕತ್ತಲಲ್ಲಿ ಮುಳುಗಿದರೆ ಕೇಳುವವರಿರಲಿಲ್ಲ. ಆದರೆ ಇವತ್ತಿನ ಸಾಫ್ಟ್‌ವೇರಿನಲ್ಲಿ ವೆಕ್ಟರ್‌ಸ್ಕೋಪ್ ಎಂಬ ಇನ್ನೊಂದು ಅಳತೆ ಇದೆ, ಬಣ್ಣದ ದಿಕ್ಕು ತೋರಿಸುವಂಥದ್ದು. ಅದರಲ್ಲಿ ಮುಖಗಳಿಗೆಂದೇ ಒಂದು ಗೆರೆ. ಕಪ್ಪಿರಲಿ, ಗೋಧಿಬಣ್ಣವಿರಲಿ, ಯುರೋಪಿನವರೇ ಇರಲಿ, ಎಲ್ಲರ ಮುಖದ ಚುಕ್ಕಿಗಳೂ ಸುಮಾರಾಗಿ ಆ ಒಂದೇ ಗೆರೆಯ ಆಸುಪಾಸಿಗೆ ಬಂದು ಬೀಳುತ್ತವೆ. ವ್ಯತ್ಯಾಸ ಮುಖ್ಯವಾಗಿ ಬೆಳಕಿನ ಪ್ರಮಾಣದ್ದು. ಮಾವನಿಗೆ ಇದನ್ನು ಹೇಳಲು ಹೋಗಲಿಲ್ಲ, ತೋರಿಸಿದೆ. ನಡುಬೆಳಕಿನ ಕಡ್ಡಿಯನ್ನು ಅವರೆದುರೇ ಮೇಲೆ ತಳ್ಳಿದೆ. ಹುಡುಗಿ ಬೆಳ್ಳಗಾದಳು. ಮುಡಿಯ ಮಲ್ಲಿಗೆ ದಂಡೆ ಎಸಳು ಕಳೆದುಕೊಂಡು ಬಿಳಿ ಉಂಡೆಯಾಯಿತು, ಸೀರೆಯ ಜರಿ ಸತ್ತಿತು, ಹಿಸ್ಟೋಗ್ರಾಮು ಬಲಗೋಡೆಗೆ ಅಪ್ಪಳಿಸಿ ನಿಂತಿತು.

‘ಥೂ, ಇದೇನಿದು, ಹಿಟ್ಟು ಬಳಿದಂಗಾಯ್ತು’ ಅಂದರು.

ವಾಪಸ್ ತಂದೆ. ಹುಡುಗಿಯ ಅಜ್ಜನ ವಿಭೂತಿ ಹಿಡಿದು ಮೂರೂ ಬಣ್ಣ ಹೊಂದಿಸಿದೆ. ಕೆಂಪು ಇಳಿಯಿತು. ಮುಖದ ಸುತ್ತ ಒಂದು ಮಾಸ್ಕು ಬರೆದು ನೆರಳಿನ ಭಾಗವನ್ನಷ್ಟೇ ಎರಡು ಕೂದಲಿನಷ್ಟು ಎತ್ತಿದೆ. ಎಣ್ಣೆಗಪ್ಪಿನ ಆ ಮುಖದಲ್ಲಿ ಕೆನ್ನೆಯ ತಿರುವು, ಅರಿಸಿನದ ಎಳೆ, ಮೂಗುತಿಯ ಕೆಳಗಿನ ಚಿಕ್ಕ ನೆರಳು ಎಲ್ಲ ಬಂದವು. ಮುಖದಷ್ಟನ್ನೇ ಕತ್ತರಿಸಿ ನೋಡಿದರೆ ಗುಡ್ಡ ಎಡಕ್ಕೇ ಇತ್ತು, ಇರಬೇಕಾದ ಜಾಗದಲ್ಲೇ.

ಮಾವ ಕನ್ನಡಕ ಏರಿಸಿ ನೋಡಿದರು. ‘ಹಾಂ! ಈಗ ನೋಡು, ಬೆಳ್ಳಗಾದ್ಲು.’

ನಾನು ಹೂಂಗುಟ್ಟಿದೆ.

ಪೆನ್‌ಡ್ರೈವಿಗೆ ಹಾಕಿ ನಾನೇ ಅವರ ಮನೆಗೆ ಒಯ್ದೆ. ಊರಿನ ಅರ್ಧ ನಡುಮನೆಯಲ್ಲೇ ಸೇರಿತ್ತು. ಟೀವಿ ಹಚ್ಚಿದರೆ ಎದೆ ಧಸಕ್ಕೆಂದಿತು: ಸೀರೆ ಉರಿಯುತ್ತಿದೆ, ಬಾಳೆಲೆ ಮಿಂಚುತ್ತಿದೆ, ಅಜ್ಜನ ವಿಭೂತಿ ಟ್ಯೂಬ್‌ಲೈಟಿನ ಬಿಳಿ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಕುಕ್ಕಲೆಂದು ಹಾಕಿಟ್ಟ ‘ವಿವಿಡ್’ ಮೋಡಿನಲ್ಲೇ ಟೀವಿ ಇನ್ನೂ ಇತ್ತು. ಯಾರೂ ನೋಡದಾಗ ರಿಮೋಟ್ ತೆಗೆದುಕೊಂಡು ಮೆನುವಿಗೆ ಹೋಗಿ ‘ಸಿನಿಮಾ’ಕ್ಕೆ ಬದಲಿಸಿದೆ. ಎಲ್ಲವೂ ತಣ್ಣಗೆ ತಮ್ಮ ತಮ್ಮ ಬಣ್ಣಕ್ಕೆ ಬಂದವು.

ಗೋಡೆಗೊರಗಿ ಕೂತಿದ್ದ ಹುಡುಗಿಯ ಅಜ್ಜಿ ತಕ್ಷಣ ಕಂಡುಹಿಡಿದರು. ‘ಏನಪ್ಪಾ ಅದು, ಟೀವಿ ಮಂಕಾಯ್ತಲ್ಲ? ಕೆಡಿಸಿಬಿಟ್ಟೆಯಾ?’

‘ಇಲ್ಲಜ್ಜಿ, ವಿಡಿಯೋ ಮುಗಿಯೋವರೆಗೆ ಅಷ್ಟೇ.’

‘ಬೇಗ ಮುಗಿಸು. ಎಂಟು ಗಂಟೆಗೆ ಧಾರಾವಾಹಿ ಐತೆ’ ಅಂದು ರಿಮೋಟಿಗೆ ಕೈ ಚಾಚಿದರು.